ಕೈ ಚಾಚು, ನೋಡೋಣ

ಕೋಲಾರ
ಫೆಬ್ರವರಿ ಮೂವತ್ತು, ೨೧೫೪

ಅರಿವಳಿಕೆ ವೈದ್ಯರೇ,

ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನ. ತಾರೀಖು ತಪ್ಪೆಂದು ಈ ಕಾಗದವನ್ನು ಪಕ್ಕಕ್ಕಿಡಬೇಡಿ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ನಿಮ್ಮ ಕಾಲದ ಮಾತನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತೆ. ಕ್ಷಮಿಸಿ.

ನಾನೂ ನಿಮ್ಮದೇ ಕೆಲಸದವಳು. ಇಲ್ಲಿ ಆಪರೇಷನ್ನಿಗೆ ಬಂದವರು ಮೊದಲು ಬಿಸುಪುಮನೆಯಲ್ಲಿ ಕೂರುತ್ತಾರೆ. ಅದು ಥಿಯೇಟರಿನ ಪಕ್ಕದ ಬೆಚ್ಚನೆಯ ಕೋಣೆ; ಅಜ್ಜಿಯರು ಅಲ್ಲಿ ತೂಕಡಿಸುತ್ತಾರೆ, ಬಸುರಿಯರು ಸೆಕೆ ಎಂದು ಗೊಣಗುತ್ತಾರೆ. ಮೈ ಪೂರ್ತಿ ಬೆಚ್ಚಗಾದ ಮೇಲೆಯೇ ಬೆನ್ನಿಗೆ ಸೂಜಿ. ಡ್ರಿಪ್ ಕೂಡ ಮೈಯಷ್ಟೇ ಬೆಚ್ಚಗಿರುತ್ತದೆ. ಮೇಲೆ ಉಸಿರುಗಂಬಳಿ, ಅಂದರೆ ಬಿಸಿಗಾಳಿ ತುಂಬಿದ ಹೊದಿಕೆ. ಮೇಜಿನ ಮೇಲೆ ನಡುಗುವ ರೋಗಿಯನ್ನು ನನ್ನ ವಿದ್ಯಾರ್ಥಿಗಳು ಕಂಡೇ ಇಲ್ಲ. "ಆಗಿನವ್ರು ಭಯಕ್ಕೆ ನಡುಗ್ತಿದ್ರಾ, ಮೇಡಂ?" ಎಂದು ಕೇಳುತ್ತಾರೆ. ಸೂಜಿ ಕೊಟ್ಟಮೇಲೆ ಕಾಲಿನ ರಕ್ತನಾಳಗಳು ಸಡಿಲವಾಗಿ ಒಡಲಿನ ಬಿಸಿ ಹೊರಕ್ಕೆ ಹರಿದುಹೋಗುತ್ತದೆ, ಅದಕ್ಕೇ ನಡುಕ ಎಂದು ವಿವರಿಸುತ್ತೇನೆ.

ನಿಮ್ಮ ಮೇಜಿಗೆ ರೇವತಿ ಎಂಬಾಕೆ ಚೊಚ್ಚಲ ಹೆರಿಗೆಯ ಸಿಸೇರಿಯನ್ನಿಗೆ ಬರುತ್ತಾರೆ. ನನ್ನ ಮುತ್ತಜ್ಜಿಯ ತಾಯಿ ಅವರು. ನಿಮಗೆ ಅದು ನಾಳೆ, ನನಗೆ ಎಂದೋ ಮುಗಿದುಹೋದದ್ದು. ಮಗುವಿನ ಹೃದಯ ಸರಿಯಾಗಿ ಬೆಳೆದಿರಲಿಲ್ಲ. ಬದುಕಿದ್ದು ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ರೇವತಿಯವರ ಹಲ್ಲು ಕಟಕಟ ಎನ್ನುತ್ತಿತ್ತು, ತೋಳು ಅದುರುತ್ತಿತ್ತು. ಕೊಡಿ ಎಂದು ಕೈ ಚಾಚಿದರು. "ಬೇಡಮ್ಮ, ಬೀಳಿಸ್ಬಿಡ್ತೀರಾ. ಈ ಚಳಿ ಎಲ್ರಿಗೂ ಬರುತ್ತೆ, ಹೋಗುತ್ತೆ. ಆಮೇಲೆ ಕೊಡ್ತೀವಿ" ಎಂದರಂತೆ ಯಾರೋ, ಅಕ್ಕರೆಯಿಂದಲೇ. ನಡುಕ ನಿಲ್ಲುವಷ್ಟರಲ್ಲಿ ಮಗು ಇರಲಿಲ್ಲ.

ಆಮೇಲೆ ಮುತ್ತಜ್ಜಿ ಹುಟ್ಟಿದರು. ಆ ಕೂಸನ್ನು ರೇವತಿ ಎತ್ತಿಕೊಂಡು ನಡೆದದ್ದೇ ಇಲ್ಲ. ಹಾಸಿಗೆಯ ಮೇಲೆ ಕೂತು ಮಡಿಲಿಗೆ ಹಾಕಿಸಿಕೊಳ್ಳುತ್ತಿದ್ದರು. ಕೈಗೆ ಏನೂ ಆಗಿರಲಿಲ್ಲ. ಆದರೂ ನಡುಗುತ್ತದೆಯೇ ಎಂದು ದಿನವೂ ಚಾಚಿ ನೋಡಿಕೊಳ್ಳುತ್ತಿದ್ದರು. ಅದೇ ನಮ್ಮ ಮನೆಯ ಪದ್ಧತಿಯಾಯಿತು. ನನ್ನ ಮಗಳು ಹುಟ್ಟಿದಾಗ ಅಮ್ಮ ಅವಳನ್ನು ಎದೆಗೊತ್ತಿಕೊಂಡು, "ಮೊದ್ಲು ಕೈ ಚಾಚೇ, ನೋಡೋಣ" ಎಂದರು. "ನಾನೇನು ಕುಡಿದು ಬಂದಿದೀನಾ?" ಎಂದು ನಕ್ಕೆ. ಅಮ್ಮ ನಗಲಿಲ್ಲ. ಚಾಚಿದೆ. ಅವರು ನೋಡುತ್ತಿದ್ದ ಹಾಗೆ ನನ್ನ ಕೈ ನಿಜಕ್ಕೂ ನಡುಗಿತು.

ಈ ಕಾಗದ ನಿಮಗೆ ತಲುಪುತ್ತದೆಯೇ? ತಲುಪಿದರೂ, ಆಗಿಹೋದದ್ದನ್ನು ತಿದ್ದಿ ಎನ್ನಲು ನನಗೇನು ಹಕ್ಕು? ಆ ನಡುಕವಿಲ್ಲದಿದ್ದರೆ ನಾನು ಈ ಕೆಲಸಕ್ಕೇ ಬರುತ್ತಿರಲಿಲ್ಲವೇನೋ. ಆಗ ಇದನ್ನು ಬರೆಯುವವರೂ ಇರುತ್ತಿರಲಿಲ್ಲ. ಹಾಗಾದರೂ ಸರಿ.

ಮಗುವನ್ನು ಉಳಿಸಿ ಎಂದು ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ಬೆಚ್ಚನೆಯ ಡ್ರಿಪ್, ಹೊದಿಕೆ, ನಡುಕಕ್ಕೆ ಔಷಧಿ ನಿಮ್ಮಲ್ಲೂ ಇವೆ. ರೇವತಿಯವರನ್ನು ಒಳಗೆ ಕರೆದೊಯ್ಯುವ ಮುಂಚೆಯೇ ಬೆಚ್ಚಗಾಗಿಸಿ. ಎ.ಸಿ. ಕಡಿಮೆ ಮಾಡಿಸಿ, ಸರ್ಜನ್ ಬೆವರಿದರೆ ಬೆವರಲಿ. ಇಷ್ಟಾದರೂ ನಡುಕ ಬಂದರೆ, "ಆಮೇಲೆ" ಎನ್ನಬೇಡಿ. ಅವರ ಕೈಗಳ ಕೆಳಗೆ ನಿಮ್ಮ ಕೈ ಹಿಡಿದು, ಮಗುವನ್ನು ಕೊಡಿ.

ಇಳಾ