ದಾರಿಗೆ ಬೆನ್ನು ಹಾಕಿ ಕೂತವಳು

ಕೌದಳ್ಳಿ ಹತ್ತಿರ, ಟೆಂಟಿನೊಳಗಿಂದ
ಭಾನುವಾರ

ಮುನಿಸಿಕೊಂಡು ಯಳಂದೂರಿನ ತಂಗಿ ಮನೆ ಸೇರಿರುವ ನನ್ನ ಮಹಾರಾಣಿ ಗುರುಬಸಮ್ಮನಿಗೆ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದರಿಂದ ಈ ಕಾಗದ. ಹರಿಯುವುದಾದರೆ ಓದಿ ಹರಿ.

ಗೆಳೆಯ ಷಡಕ್ಷರಿ ಜೊತೆ ಕ್ಯಾಂಪಿಗೆ ಬಂದಿದ್ದೇನೆ. ಕ್ಯಾಂಪು ಅಂದರೆ ಕಾಡಿನ ಕಂಪು ಅಂದುಕೊಂಡಿದ್ದೆ; ಸಿಕ್ಕಿದ್ದು ಅವನ ಕಾಲುಚೀಲದ ಕಂಪು. ಟೆಂಟು ಎರಡು ಸಲ ನಮ್ಮ ಮೇಲೇ ಬಿತ್ತು. ತಲೆಕೆಟ್ಟು, ಪಕ್ಕದ ಶಿಲ್ಪವನ ನೋಡಲು ಹೋದೆವು. ಕಲ್ಲಿನ ಆನೆ, ಜೇನು ಕೀಳುವವನು, ಕಂಸಾಳೆ ಕುಣಿಯುವವರು. ಕೊನೆಗೆ ಹುಣಸೆಮರದ ಬುಡದಲ್ಲಿ, ದಾರಿಗೆ ಬೆನ್ನು ಹಾಕಿ ಕೂತ ಒಬ್ಬ ಮುದುಕಿ. ಎಡಕ್ಕೆ ಜಾರಿದ ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಥೇಟು ನೀನೇ! ಮುಂದೆ ಹೋಗಿ ನೋಡಿದರೆ ಮುಖವೇ ಕೆತ್ತಿಲ್ಲ, ಬರೀ ಒರಟು ಕಲ್ಲು.

ನನ್ನ ಕೈ ಸುಮ್ಮನಿರುತ್ತದಾ? ಮಾದಪ್ಪನ ಬೆಟ್ಟಕ್ಕೆಂದು ತಂದಿದ್ದ ಹೂವನ್ನು ತುರುಬಿಗೆ ಮುಡಿಸಿ, ಮುಖವಿಲ್ಲದ ಜಾಗಕ್ಕೆ ವಿಭೂತಿ ಬಳಿದೆ. ಫೋಟೊ ತೆಗೆದು ನಿನ್ನ ತಂಗಿ ಚಂದ್ರಮ್ಮನ ಫೋನಿಗೆ ಕಳಿಸಿ ನಿನ್ನನ್ನು ನಗಿಸೋಣ ಅಂತ. ಕನ್ನಡಕ ಹುಡುಕುವಷ್ಟರಲ್ಲಿ, ಅದೇ ಬೆಟ್ಟಕ್ಕೆ ನಡೆದು ಹೊರಟಿದ್ದವರು ಗಂಟು ಇಳಿಸಿ, ಚಪ್ಪಲಿ ಬಿಟ್ಟು ಅಡ್ಡಬಿದ್ದರು. ಕಾಯಿಯನ್ನೂ ಒಡೆದೇಬಿಟ್ಟರು.

"ಲೇ, ಏನಾದ್ರೂ ಏಳ್ಲಾ" ಅಂದರೆ ಷಡಕ್ಷರಿ ಹೆಸರಿಗೆ ಆರಕ್ಷರ, ಬಾಯಿಂದ ಒಂದಕ್ಷರ ಹೊರಡಲಿಲ್ಲ. ನಾನೇ ಕೂಗಿದೆ: "ಇದು ದೇವ್ರಲ್ಲ ಕಣ್ರವ್ವಾ, ವಿಭೂತಿ ಬಳ್ದೋನು ನಾನೇ, ತಮಾಸೆಗೆ!"

ಮಹಾದೇವಮ್ಮ ಅನ್ನುವ ಹೆಂಗಸು ನನ್ನನ್ನೇ ಗದರಿದಳು: "ನಿಮ್ ಕೈಲಿ ಬಳಿಸ್ಕಂಡೋರು ಯಾರು ಯಜಮಾನ್ರೇ? ಅವ್ವನೇ ತಾನೇ? ತೆಪ್ಗೆ ಅಡ್ಡಬೀಳಿ."

ಮೂರು ದಿನದಿಂದ ಇದೇ ಪಾಡು. ಮುನಿದು ಬೆನ್ನು ಹಾಕಿದ ಅವ್ವ ಅಂತ, ಗಂಡನ ಮೇಲೆ ದೂರು ಇರುವವರೆಲ್ಲ ಅಲ್ಲಿಗೇ ಬರುತ್ತಿದ್ದಾರೆ. ಮೊಮ್ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ನಿನ್ನನ್ನು "ಇವರು ನಮ್ಮವ್ವ" ಅಂತ ಒಂದೇ ಒಂದು ಸಲ ತಮಾಷೆಗೆ ಪರಿಚಯಿಸಿದ್ದಕ್ಕೆ ಕೊಳ್ಳೇಗಾಲದ ಮನೆ ಬಿಟ್ಟೆಯಲ್ಲ. ಈಗ ಕೌದಳ್ಳಿಗೆ ಕೌದಳ್ಳಿಯೇ ಅವ್ವ ಅನ್ನುತ್ತಿದೆ. ಏನು ಮಾಡ್ತೀಯ?

ಅದನ್ನು ಕೆತ್ತಿದ ಹುಡುಗಿ ಮೀನಾ ಬಂದು, ಕಲ್ಲಿನ ಮೇಲಿನ ಎಣ್ಣೆ ಅರಿಶಿನ ಕಂಡು ಅತ್ತೇಬಿಟ್ಟಳು. ತೊಳೆಯಲು ಹೋದರೆ ಜನ ಬಿಡುವುದಿಲ್ಲ. ಉಳಿದಿರುವುದು ಒಂದೇ ದಾರಿ: ನೀನು ಬಂದು ಆ ಕಲ್ಲಿನ ಪಕ್ಕ ಕೂರು. ಇದು ದೇವರಲ್ಲ, ಈ ಮುದುಕನ ಹೆಂಡತಿ ಅಂತ ಎಲ್ಲರಿಗೂ ಗೊತ್ತಾಗಲಿ. ಜೀವಮಾನವೆಲ್ಲ ಸುಳ್ಳು ಹೇಳಿ ನಂಬಿಸಿದವನು, ಒಂದು ನಿಜ ಹೇಳಲು ಹೋಗಿ ಸೋತಿದ್ದೇನೆ.

ತಮಾಷೆ ಸಾಕಾದ ನಿನ್ನ,
ಪುಟ್ಟಬಸಪ್ಪ

ತಾ.ಕ.: ಮೀನಾ ನಿನ್ನ ತಂಗಿಯ ಎದುರುಮನೆಯವಳಂತೆ! ಮುಖ ಯಾಕಮ್ಮ ಕೆತ್ತಲಿಲ್ಲ ಅಂತ ಈಗಷ್ಟೇ ಕೇಳಿದೆ. "ಎದುರುಗಡೆ ಜಗಲಿ ಮೇಲೆ ಎರಡ್ ತಿಂಗ್ಳಿಂದ ಒಬ್ರು ದಿನಾ ಅಂಗೇ ಕೂತಿರ್ತಾರೆ ತಾತ. ಕೊಳ್ಳೇಗಾಲದ ಬಸ್ ಬಂದ್ರೆ ಮಾತ್ರ ತಿರುಗಿ ನೋಡ್ತಾರೆ. ಬೇಕಾದೋರು ಇಳೀಲಿಲ್ಲ ಅಂದ್ರೆ ಮತ್ತೆ ಗೋಡೆ ಕಡೀಕೆ. ಅಷ್ಟ್ರಲ್ಲಿ ಮುಖ ಎಲ್ಲಿ ಕಾಣ್ಬೇಕು?" ಅಂದಳು. ಹಾಗಾಗಿ ನೀನು ಬರುವುದು ಬೇಡ. ಈ ಕಾಗದವನ್ನು ಅಂಚೆಗೂ ಹಾಕುತ್ತಿಲ್ಲ. ನೀನು ಇದನ್ನು ಓದುವಾಗ ಎದುರಿಗೆ ಬ್ಯಾಗು ಹಿಡಿದು ನಿಂತಿರುವವನು ನಾನೇ. ಮತ್ತೆ ಆ ಕಡೆ ತಿರುಗಬೇಡ.