ನಾನೂ ಅಲ್ಲಿದ್ದೆ

ಫೆಬ್ರವರಿ 9, ಬಸವಕಲ್ಯಾಣ
ಅಂಗಡಿಯಲ್ಲಿ ಎರಡು ಮೋಟಾರ್ ರಿವೈಂಡಿಂಗ್ ಮುಗಿಯಿತು. ಮೂರನೆಯದನ್ನು ಬಿಚ್ಚುವಾಗ ಫೋನ್. ಸುಮನಬಾಯಿ ಆಸ್ಪತ್ರೆಯಲ್ಲೇ ತೀರಿಕೊಂಡರಂತೆ. ಅಂಬಾದಾಸನ ಹೆಂಡತಿ. ಐಟಿಐಯಲ್ಲಿ ಎರಡು ವರ್ಷ ನನ್ನ ಪಕ್ಕದಲ್ಲಿ ಕುಳಿತ ಗೆಳೆಯ ಅವನು.

ನಿನ್ನೆ ಅವರ ಊರು ದುಬಲಗುಂಡಿಯಲ್ಲಿ ಮೆರವಣಿಗೆ. ಸುಮನಬಾಯಿ ಪಂಚಾಯಿತಿ ಚುನಾವಣೆ ಗೆದ್ದು ಹೊರಟಿದ್ದರು. ತಲೆಗೆ ಕಲ್ಲು ಬಿತ್ತು.

ಎಸೆದವನು ವೀರಭದ್ರ. ಸೋತವರ ಕಡೆಯವನು. ನನ್ನ ಹೆಂಡತಿ ಜಯಮಾಲಾಳ ತಮ್ಮ. ಮೆರವಣಿಗೆ ನೋಡಲು ಹೋದ ನಾನು ಅವನ ಪಕ್ಕದಲ್ಲೇ ನಿಂತಿದ್ದೆ...

ಯಾರಿಗೂ ಹೇಳಿಲ್ಲ.

ಫೆಬ್ರವರಿ 11
ಮಣ್ಣಿಗೆ ಹೋಗಲಾಗಲಿಲ್ಲ. ಸುಳ್ಳು — ಹೋಗಲಿಲ್ಲ. ಇಂದು ಹೋದೆ. ಅಂಬಾದಾಸ ನನ್ನ ಕೈ ಹಿಡಿದುಕೊಂಡು ಕುಳಿತ. ಮಗಳು ಆಮ್ರಪಾಲಿಗೆ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. ಒಲೆ ಈಗ ಅವಳ ಪಾಲಿಗೆ. ಪುಸ್ತಕ ಮುಟ್ಟಿಲ್ಲವಂತೆ. ಪೊಲೀಸರು ಕೇಳಿದರೆ ಊರವರೆಲ್ಲ ಗದ್ದಲದಲ್ಲಿ ಯಾರು ಎಸೆದರೋ ಕಾಣಲಿಲ್ಲ ಅನ್ನುತ್ತಿದ್ದಾರಂತೆ.

"ಯಾರರೆ ಒಬ್ಬರು ನೋಡಿರಬೇಕಲ್ಲೋ, ಗುರುಶಾಂತ" ಅಂದ.

ನೀರು ಕುಡಿದು ಎದ್ದು ಬಂದೆ.

ಫೆಬ್ರವರಿ 15
ಮತ್ತೆ ಹೋದೆ. ಜಯಮಾಲಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಟ್ಟೆ. ಕೆಟ್ಟಿದ್ದ ಪಂಪು ರಿಪೇರಿ ಮಾಡಿದೆ. ಆಮ್ರಪಾಲಿ ಕೊಡ ಹೊರುವುದಾದರೂ ತಪ್ಪಲಿ. ಅಂಬಾದಾಸ ಊರವರ ಮುಂದೆ ನನ್ನನ್ನು ಹೊಗಳಿದ. ತಲೆ ಎತ್ತಲಾಗಲಿಲ್ಲ.

ಫೆಬ್ರವರಿ 24
ಜಯಮಾಲಾಗೆ ಹೇಳಿಬಿಟ್ಟೆ. ತಮ್ಮನನ್ನು ಎತ್ತಿ ಆಡಿಸಿದವಳು. ಅತ್ತಳು. ಸಂಜೆ ಮುಖ ತೊಳೆದು ಬಂದು ಎದುರಿಗೆ ಕುಳಿತಳು.

"ನನ್ನ ತಮ್ಮ ಅಂತ ಬಾಯಿ ಮುಚ್ಚಿಕೊಂಡು ಕೂಡಬ್ಯಾಡ್ರಿ. ಆ ಹುಡುಗಿ ಮಾರಿ ಹ್ಯಾಂಗ ನೋಡ್ತೀರಿ?"

ಫೆಬ್ರವರಿ 25
ಪೊಲೀಸರಿಗಿಂತ ಮೊದಲು ಅಂಬಾದಾಸನಿಗೇ ಹೇಳಿದೆ. ಪಕ್ಕದಲ್ಲೇ ಇದ್ದೆ, ಕೈ ಹಿಡಿದು ತಡೆಯಲಿಲ್ಲ — ಅದನ್ನೂ. ನಾಳೆ ಹುಮನಾಬಾದ್ ಸ್ಟೇಷನ್ನಿಗೆ ಹೋಗುತ್ತೇನೆ ಅಂತಲೂ. ಅವನು ಎದ್ದು ಹಿತ್ತಲಿಗೆ ಹೋದ. ಕಾದೆ. ಬರಲಿಲ್ಲ. ಕೊನೆಯ ಬಸ್ಸಿಗೆ ಬಂದೆ.

ಫೆಬ್ರವರಿ 26, ಮಧ್ಯಾಹ್ನ, ಹುಮನಾಬಾದ್ ಬಸ್‌ಸ್ಟ್ಯಾಂಡ್
ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟೆ. ಹೆಸರು, ನಿಂತ ಜಾಗ, ಎಲ್ಲ. ಕೋರ್ಟಿನಲ್ಲೂ ಹೇಳಬೇಕಾಗುತ್ತದೆ ಅಂದರು. ಹೇಳುತ್ತೇನೆ. ವೀರಭದ್ರನನ್ನು ಕರೆತರಲು ಜೀಪು ಹೊರಟಿತು.

ಗೇಟಿನ ಹೊರಗೆ ಅಂಬಾದಾಸ ನಿಂತಿದ್ದ. ನಾನು ಬರುತ್ತೇನೋ ಇಲ್ಲವೋ ನೋಡಲು ಬೆಳಿಗ್ಗೆಯೇ ಬಂದಿದ್ದನಂತೆ.

"ಭಾಳ ತಡಾ ಮಾಡಿದಿ" ಅಂದ.

ಹೌದಂದೆ. ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ನಡೆದೇ ಬಂದೆವು. ಬೆಂಚಿನ ಮೇಲೆ ಕುಳಿತ ಮೇಲೆ ಅವನೇ ಮಾತು ತೆಗೆದ.

"ಊರಾಗ ಅಕಿಗಿ ಓದಾಕ ಆಗವಲ್ದು. ಪರೀಕ್ಷಾ ಮುಗಿಯೋತನಕ ಆಮ್ರಪಾಲಿ ನಿಮ್ಮ ಮನ್ಯಾಗ ಇರಲಿ. ಜಯಮಾಲಾ ವೈನಿ ಹೂಂ ಅಂದರ..."

ನಮ್ಮ ಮನೆಯಲ್ಲಿ. ವೀರಭದ್ರನ ಅಕ್ಕನ ಮನೆಯಲ್ಲಿ.

ಜಯಮಾಲಾಗೆ ಫೋನ್ ಹಚ್ಚಿದೆ. ಮೊದಲು ಜೀಪಿನ ಸುದ್ದಿ. ಆಮೇಲೆ ಹುಡುಗಿಯ ಮಾತು ಹೇಳಿದೆ. ಇವತ್ತೇ ಕರೆದುಕೊಂಡು ಬನ್ನಿ, ಮುಂದಿನ ಕೋಣೆ ಖಾಲಿ ಮಾಡುತ್ತೇನೆ ಅಂದಳು.

ದುಬಲಗುಂಡಿ ಬಸ್ಸು ಬಂತು. ಅಂಬಾದಾಸ ಆಗಲೇ ಹತ್ತಿ ಕಿಟಕಿಯಿಂದ ಕೂಗುತ್ತಿದ್ದಾನೆ. ನನಗೂ ಜಾಗ ಹಿಡಿದಿದ್ದಾನಂತೆ. ಮೊದಲು ಅವಳ ಪುಸ್ತಕಗಳನ್ನು ಕಟ್ಟಿಕೊಳ್ಳಬೇಕು—