ಬಿಗಿಯಾದ ಕರಿದಾರ

ಆಗಸ್ಟ್ ೧೯, ಮಂಗಳವಾರ

ಹಾಳಾದ್ದು, ತೋಳಿಗೆ ಕರಿದಾರ ಕಟ್ಟಿದ ಜಾಗ ಇನ್ನೂ ಉರಿಯುತ್ತಿದೆ.

ಮೊದಲೆಲ್ಲ ಮೈ ತೂಗಾಡಿಸಿ ಭಾರದ ಡಂಬೆಲ್ ಎತ್ತುತ್ತಿದ್ದೆ. ಬೈಸೆಪ್ಸ್ ಮಾತ್ರ ಇದ್ದಷ್ಟೇ ಇತ್ತು. ಬಳ್ಳಾರಿ ಜಿಮ್ಮಿನ ಕೋಚ್ ಹುಲಿಗೇಶಣ್ಣ ಬೈದು, ಹಗುರದ್ದು ಕೊಟ್ಟ. “ಮೊಣಕೈ ಪಕ್ಕಿಗೆ ಹಚ್ಚು, ನಿಧಾನಕ್ಕ ಇಳಸು. ಒಮ್ಮಿ ಅಂಗೈ ಮ್ಯಾಲ ಮಾಡಿ ಎತ್ತು, ಒಮ್ಮಿ ಸುತ್ತಿಗಿ ಹಿಡಿದಂಗ ಹಿಡಿ.” ಅವನು ಹೇಳಿದ ಹಾಗೇ ಮಾಡುತ್ತ ಬಂದೆ. ತೋಳು ತುಂಬಿಕೊಂಡಿತು. ಇವತ್ತು ದಾರ ಮಾಂಸಕ್ಕೆ ಕಚ್ಚಿತು.

“ಕತ್ರಿಸಿ ಒಗಿಲೇ, ರಕ್ತ ಆಡಂಗಿಲ್ಲ” ಎಂದು ಮನೆಯಲ್ಲಿ ನಮ್ಮಣ್ಣ ಕತ್ತರಿ ತಂದ. ಕೈ ಎಳೆದುಕೊಂಡೆ.

ಅದು ಅವ್ವ ಕಟ್ಟಿದ್ದು. ಅಮಾವಾಸ್ಯೆಗೆ ಊರಿಗೆ, ಸಿರುಗುಪ್ಪಕ್ಕೆ ಹೋದಾಗಲೆಲ್ಲ ದಾರದೊಳಗೆ ಕಿರುಬೆರಳು ತೂರಿಸಿ ನೋಡುತ್ತಿದ್ದಳು. “ಇನ್ನಾ ಸಡ್ಲೇ ಐತಲ್ಲೋ ಹನುಮೇಶ, ಜಿಮ್ಮಿನ್ಯಾಗ ಏನು ಮಾಡ್ತೀಯಪಾ? ಬಿಗಿ ಆದ ದಿನ ಬಿಚ್ಚಿ ಹೊಸಾದು ಕಟ್ತೀನಿ” ಎಂದು ನಗುತ್ತಿದ್ದಳು. ಈ ಸಲ ಯುಗಾದಿ ಆದ ಮರುವಾರವೇ ತೀರಿಕೊಂಡಳು.

ಈಗ ಬಿಗಿಯಾಗಿದೆ ಅವ್ವಾ. ನನ್ನ ಕಿರುಬೆರಳು ತೂರಿಸಿ ನೋಡಿದೆ, ಹೋಗಲಿಲ್ಲ.

ಗಂಟು ಅವಳ ಕೈಯದು. ಬಿಚ್ಚಲಾರೆ. ನಾಳೆ ಹುಲಿಗೇಶಣ್ಣನಿಗೆ ಹೇಳಿಬಿಡಬೇಕು, ನನಗೆ ಇನ್ನು ಕಾಲಿನ ವ್ಯಾಯಾಮವಷ್ಟೇ ಹೇಳಿಕೊಡು, ತೋಳು ಇಷ್ಟೇ ಇರಲಿ.